ಮೇ ತಿಂಗಳ ಪಗಾರ

2024ರ ಮೇ 27, ಸೋಮವಾರ. ಲಕ್ಷ್ಮೇಶ್ವರದ ಕಡೆಯಿಂದ ಬಂದ ಬಸ್ಸು ನಿಮ್ಮನ್ನು ಗದಗಿನ ಮುಳಗುಂದ ನಾಕಾದಲ್ಲಿ ಇಳಿಸಿ ಹೋಗಿದೆ. ಹತ್ತು ಗಂಟೆಗೇ ಡಾಂಬರು ಕಾದಿದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಎಲೆಕ್ಷನ್ನಿನ ಮಾತು. ಮತ ಹಾಕಿ ಇಪ್ಪತ್ತು ದಿನವಾಯಿತು, ಎಣಿಕೆ ಜೂನ್ 4ಕ್ಕೆ. ಜೊತೆಗೆ ಇಳಿದ ಹುಡುಗಿ ಮಾತ್ರ ತುಟಿ ಬಿಚ್ಚಿಲ್ಲ. ಶಿರಹಟ್ಟಿಯವಳು, ಇಂಗ್ಲಿಷ್ ಎಂ.ಎ., ಬಿ.ಎಡ್. ಲಕ್ಷ್ಮೇಶ್ವರದ ಒಂದು ಖಾಸಗಿ ಶಾಲೆಯಲ್ಲಿ ಮೂರು ವರ್ಷ ಪಾಠ ಮಾಡಿ, ಮಾರ್ಚ್ ಕೊನೆಗೆ ‘ಜೂನ್‌ನ್ಯಾಗ ನೋಡೂಣು’ ಅನ್ನಿಸಿಕೊಂಡು ಮನೆಗೆ ಬಂದವಳು. ನೀವು ಅವಳ ಸೋದರಮಾವ ಎಂದು ಇಟ್ಟುಕೊಳ್ಳಿ. ಈ ಸೀಮೆಯಲ್ಲಿ ಸಾಲಿಯ ಇಂಟರ್‌ವ್ಯೂಗೂ ಕನ್ಯಾ ತೋರಿಸಲು ಹೋದಂತೆ ಹಿರಿಯರೊಬ್ಬರು ಜೊತೆಗಿರಬೇಕು.

ಗೋಡೆ, ಕಂಬ, ಆಟೋದ ಬೆನ್ನು, ಎಲ್ಲಿ ನೋಡಿದರೂ ‘ಅಡ್ಮಿಷನ್ ಓಪನ್’. ಮುದ್ರಣಕ್ಕೆ ಹೆಸರಾದ ಊರು. ಈ ತಿಂಗಳು ಪ್ರೆಸ್ಸುಗಳಲ್ಲಿ ಮದುವೆ ಕಾರ್ಡಿಗಿಂತ ಸಾಲಿಯ ಪಾಂಪ್ಲೆಟ್ಟೇ ಜಾಸ್ತಿ. ನೀವು ಹೊರಟಿರುವ ಶಾಲೆಯ ಪಾಂಪ್ಲೆಟ್ಟಿನಲ್ಲಿ ದಪ್ಪ ಅಕ್ಷರದ ಸಾಲು: ‘ಕೇರಳದ ನುರಿತ ಇಂಗ್ಲಿಷ್ ಶಿಕ್ಷಕರು’. ಶಾಲೆಯ ಹೆಸರು ಇಲ್ಲಿ ಬೇಡ. ಇಂಥವು ಬೆಟಗೇರಿಯಲ್ಲೂ ಇವೆ, ಮುಂಡರಗಿಯಲ್ಲೂ ಇವೆ.

ಆಫೀಸಿನ ಹೊರಗೆ ಬೆಂಚು. ಅದರ ಮೇಲೆ ಆಗಲೇ ಗಂಡ ಹೆಂಡತಿ ಕೂತಿದ್ದಾರೆ, ಕಾಲಬುಡದಲ್ಲಿ ಎರಡು ಸೂಟ್‌ಕೇಸು. ಕೇರಳದ ಪತ್ತನಂತಿಟ್ಟದವರು. ರೈಲಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಗದಗು. ಬಳ್ಳಾರಿ ಕಡೆ ನಾಲ್ಕು ವರ್ಷ ಇದ್ದುದರಿಂದ ‘ಊಟ ಆತೇನ್ರಿ’ ಎನ್ನುವಷ್ಟು ಕನ್ನಡ ಬರುತ್ತದೆ. ಸಿಪಾಯಿ ಚಹಾ ಹಿಡಿದು ಬಂದು ನಿಮ್ಮ ಕಿವಿಯಲ್ಲಿ ಹೇಳುತ್ತಾನೆ: “ಫಾರಿನ್ ಟೀಚರ್‌ಗೋಳ್ರಿ.” ತಮಾಷೆಗಲ್ಲ, ಹೆಮ್ಮೆಯಿಂದಲೇ.

ನಿಜವಾದ ಫಾರಿನ್ ಟೀಚರು ಈ ಬೆಂಚಿನ ಮೇಲೆ ಕೂರುವುದು ಸುಲಭವಲ್ಲ. ಭಾರತದ ಉದ್ಯೋಗ ವೀಸಾ ಬೇಕಾದರೆ ವಿದೇಶಿಯ ಸಂಬಳ ವರ್ಷಕ್ಕೆ 16.25 ಲಕ್ಷಕ್ಕಿಂತ ಮೇಲಿರಬೇಕು, ಅಂದರೆ ತಿಂಗಳಿಗೆ 1.35 ಲಕ್ಷ. ತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರಿಗೆ ಈ ಮಿತಿಯಿಂದ ವಿನಾಯಿತಿ ಇದೆ, ಭಾಷೆ ಕಲಿಸುವವರಿಗೂ ಇದೆ, ಇಂಗ್ಲಿಷ್ ಕಲಿಸುವವರಿಗೆ ಮಾತ್ರ ಇಲ್ಲ. ಜಪಾನಿ ಕಲಿಸಲು ಜಪಾನಿನವರನ್ನು ಕಡಿಮೆಗೆ ಕರೆಸಬಹುದು. ಲಂಡನ್ನಿನವರಿಂದ ಎ ಬಿ ಸಿ ಡಿ ಹೇಳಿಸಲು ತಿಂಗಳಿಗೆ ಲಕ್ಷದ ಮೇಲೆ ಎಣಿಸಬೇಕು. ಹೀಗಾಗಿ ಗದಗ ಜಿಲ್ಲೆಗೆ ಫಾರಿನ್ ಎಂದರೆ ಕೇರಳ, ಕೆಲವೊಮ್ಮೆ ಡಾರ್ಜಿಲಿಂಗ್.

ಒಂದು ಕಾಲಕ್ಕೆ ಬೆಟಗೇರಿಗೆ ಕಡಲಾಚೆಯವರೇ ಬಂದಿದ್ದರು. 1840ರ ದಶಕದಲ್ಲೇ ಬಾಸೆಲ್ ಮಿಷನ್ನಿನ ಜರ್ಮನ್ ಮಾತಾಡುವ ಪಾದ್ರಿಗಳು ಇಲ್ಲಿ ಠಿಕಾಣಿ ಹೂಡಿ ಸಾಲಿ ತೆರೆದರು. ಅವರ ಕರಾರು ಇಂದಿನವರಿಗಿಂತ ಬಿಗಿ. ಪಗಾರದ ಚೌಕಾಸಿಯೇ ಇಲ್ಲ, ಜೀವನಕ್ಕೆ ಬೇಕಾದಷ್ಟು ಭತ್ಯೆ ಮಾತ್ರ. ಮದುವೆಯಾಗಬೇಕಾದರೂ ಬಾಸೆಲ್ಲಿನ ಸಮಿತಿ ಅಪ್ಪಣೆ ಕೊಡಬೇಕು. ಅರ್ಜಿ ಹಡಗಿನಲ್ಲಿ ಹೋಗಿ ಉತ್ತರ ಹಡಗಿನಲ್ಲೇ ಬರುವ ತನಕ ಮದುಮಗ ಬೆಟಗೇರಿಯ ಬಿಸಿಲಲ್ಲಿ ಕಾಯಬೇಕು.

ಬಾಗಿಲು ತೆರೆಯುತ್ತದೆ. ದಂಪತಿ ಒಳಗೆ ಹೋಗುತ್ತಾರೆ. ಕಾರ್ಯದರ್ಶಿಗಳ ಕೋಣೆಗೂ ಬೆಂಚಿಗೂ ನಡುವೆ ಇರುವುದು ಪ್ಲೈವುಡ್ಡು, ಎಲ್ಲವೂ ಕೇಳಿಸುತ್ತದೆ. ಹೆಂಡತಿ ಟೈಪು ಮಾಡಿದ ಹಾಳೆಯೊಂದನ್ನು ಮೇಜಿನ ಮೇಲೆ ಇಡುತ್ತಾಳೆ. ಕಾಗದದ ಸದ್ದು ಕೂಡ ಕೇಳುತ್ತದೆ. ಇಬ್ಬರಿಗೂ ತಲಾ ಇಪ್ಪತ್ನಾಲ್ಕು ಸಾವಿರ, ಹನ್ನೆರಡು ತಿಂಗಳು. ವಾರಕ್ಕೆ ಮೂವತ್ತಕ್ಕಿಂತ ಹೆಚ್ಚು ಪೀರಿಯಡ್ ಇಲ್ಲ. ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ರೈಲು ಚಾರ್ಜು. ಬಿಡುವುದಿದ್ದರೆ ಎರಡೂ ಕಡೆಯಿಂದ ಒಂದೊಂದು ತಿಂಗಳ ನೋಟೀಸು. ಕ್ವಾರ್ಟರ್ಸು.

“ಕ್ವಾರ್ಟರ್ಸ್ ರೆಡಿ ಐತಿ ಮೇಡಂ.”

“ವಾಟರ್?”

ಕಾರ್ಯದರ್ಶಿಗಳು ತಡವರಿಸುತ್ತಾರೆ. ಗದಗ-ಬೆಟಗೇರಿಯ ನಳದ ಕತೆ ಪತ್ತನಂತಿಟ್ಟದ ತನಕ ಹೋಗಿದೆ ಎಂದು ಅವರು ಎಣಿಸಿರಲಿಲ್ಲ. ತುಂಗಭದ್ರೆಯ ನೀರು ಹಮ್ಮಿಗಿಯಿಂದ ಹತ್ತಿ ಬರಬೇಕು, ಬೇಸಿಗೆಯಲ್ಲಿ ದಿನ ಎಣಿಸುತ್ತಾ ಕೊಡ ತುಂಬಿಡಬೇಕು. ಕೊನೆಗೆ ‘ವಾರಕ್ಕೊಂದು ಟ್ಯಾಂಕರ್, ಶಾಲೆಯ ಖರ್ಚಿನಲ್ಲಿ’ ಎಂಬುದು ಕರಾರಿನೊಳಗೆ ಸೇರುತ್ತದೆ. ಈ ಊರಿನವರು ಯಾರೂ ಇದನ್ನು ಕೇಳಿರಲಾರರು. ನಮಗೆ ನೀರಿಲ್ಲದ್ದು ಹವಾಮಾನ, ಅವರಿಗೆ ಅದು ಕಲಮು. ಒಂದೇ ಒಂದು ವಿಷಯಕ್ಕೆ ದನಿ ಏರಿತು, ಹಾಸ್ಟೆಲಿನ ರಾತ್ರಿ ಸ್ಟಡಿ ಡ್ಯೂಟಿಗೆ. ವಾರಕ್ಕೆ ಎರಡು ರಾತ್ರಿ ಎಂದು ಇತ್ಯರ್ಥವಾಯಿತು. ಅರ್ಧ ಗಂಟೆಯೊಳಗೆ ಸಹಿ, ಸೀಲು, ಒಂದು ಪ್ರತಿ ಅವರ ಕೈಗೆ.

ಈಗ ನಿಮ್ಮ ಸರದಿ.

“ಬಾರವಾ, ನಮ್ಮ ಶಿರಹಟ್ಟಿ ಹುಡುಗಿ! ನಿಮ್ಮ ಅಪ್ಪಾರು ಫಕೀರೇಶ್ವರ ಮಠದ ಜಾತ್ರ್ಯಾಗ ಸಿಗ್ತಾರಲ್ಲ.” ಕುರ್ಚಿ ಎಳೆದು ಕೊಟ್ಟದ್ದು ನಿಮಗೆ. ಚಹಾ ಬಂದದ್ದು ನಿಮಗೆ. ಮಾತೂ ನಿಮ್ಮ ಜೊತೆಗೇ: “ಮಾವಾರ, ನಮ್ಮ ಹುಡುಗಿ ಅಂದಮ್ಯಾಲ ಹೆಚ್ಚು ಕಡಿಮಿ ಏನ್ರಿ. ಹನ್ನೆರಡು ಸಾವಿರ ಮಾಡೂಣು. ಹತ್ತು ತಿಂಗಳು. ಬಸ್ಸಂತೂ ಶಕ್ತಿ ಯೋಜನಾದಾಗ ಫ್ರೀ ಐತಿ, ಟ್ರಾವೆಲಿಂಗ್ ಖರ್ಚಿಲ್ಲ.”

2023ರ ಜೂನ್ 11ರಂದು ಸರ್ಕಾರ ಹೆಂಗಸರಿಗೆ ಬಸ್ಸು ಉಚಿತ ಮಾಡಿತು. ಅದು ಶಾಲೆಯ ಲೆಕ್ಕದಲ್ಲಿ ತನ್ನದೇ ಭತ್ಯೆಯಾಗಿ ಕೂತಿದ್ದನ್ನು ನೀವು ಈಗ ಕಾಣುತ್ತಿದ್ದೀರಿ. ‘ಆಗ್ಲಿ ಬಿಡ್ರಿ’ ಎಂಬ ಮಾತು ನಿಮ್ಮ ನಾಲಿಗೆಯ ತುದಿಗೆ ಬಂದಿದೆ. ಪರಿಚಯದವರ ಎದುರು ರೊಕ್ಕದ ಮಾತು ಎತ್ತುವುದು ನಮಗೆ ಬರುವುದಿಲ್ಲ, ಕಾರ್ಯದರ್ಶಿಗಳಿಗೆ ಅದು ಚೆನ್ನಾಗಿ ಗೊತ್ತು. ಪತ್ತನಂತಿಟ್ಟದ ಆ ಹೆಣ್ಣುಮಗಳಿಗೆ ಇದ್ದ ದೊಡ್ಡ ಸವಲತ್ತು ಇಂಗ್ಲಿಷಲ್ಲ. ಅವಳ ಅಪ್ಪ ಇಲ್ಲಿ ಯಾರಿಗೂ ಗೊತ್ತಿಲ್ಲ.

ಹುಡುಗಿ ಬಾಯಿ ತೆರೆಯುತ್ತಾಳೆ: “ಸರ್, ಏಪ್ರಿಲ್ ಮೇ?”

“ಸೂಟಿ ಇರ್ತೈತಲ್ಲವಾ. ಕೆಲಸಿಲ್ಲದ ಪಗಾರ ಹೆಂಗ ಕೊಡೂದು?”

“1985ರಾಗ ಹರಿಯಾಣ ಸರ್ಕಾರ ಹಿಂಗ ಮಾಡಿತ್ತ್ರಿ. ಜೂನ್‌ಗೆ ತಗೊಂಡು ಸೂಟಿಗೆ ಬಿಡಿಸಿ ಮತ್ತ ತಗೊಳ್ಳೂದು. ಸುಪ್ರೀಂ ಕೋರ್ಟು ಬೈದು, ಸೂಟಿ ಪಗಾರ ಕೊಡ್ರಿ ಅಂತು.”

“ಅದು ಸರ್ಕಾರಿ ಸಾಲಿಗೆ.” ಅವರು ನಗುತ್ತಾರೆ. ತಪ್ಪು ಹೇಳಲಿಲ್ಲ. ಆದರೆ ಈ ‘ಹತ್ತು ತಿಂಗಳು’ ಎಂಬ ಮಾತಿನ ಹಿಂದೆ ಇನ್ನೊಂದು ಲೆಕ್ಕವಿದೆ. ಗ್ರ್ಯಾಚುಯಿಟಿಗೆ ಐದು ವರ್ಷ ಸೇವೆ ಬೇಕು. ಪ್ರತಿ ಜೂನಿನಲ್ಲೂ ಹೊಸ ಆದೇಶ ಕೊಟ್ಟರೆ ಐದು ವರ್ಷ ಕೂಡಿಬರಲಿಲ್ಲ ಎಂದು ವಾದಿಸಬಹುದು. ಪಗಾರ ಹದಿನಾಲ್ಕು ಸಾವಿರ ಎಂದಿಟ್ಟುಕೊಂಡರೆ ಐದು ವರ್ಷದ ಗ್ರ್ಯಾಚುಯಿಟಿ ಸುಮಾರು 40,384 ರೂಪಾಯಿ. ಶಿಕ್ಷಕರು ಗ್ರ್ಯಾಚುಯಿಟಿ ಕಾಯ್ದೆಯ ‘ನೌಕರ’ರಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2009ರಲ್ಲಿ ಸಂಸತ್ತು ಕಾಯ್ದೆ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯ ಎಂದಿತು. ಖಾಸಗಿ ಶಾಲೆಗಳು ಅದನ್ನೂ ಪ್ರಶ್ನಿಸಿ 2022ರ ಆಗಸ್ಟ್‌ನಲ್ಲಿ ಸೋತವು.

“ಆತು, ಹದಿನಾಲ್ಕು ಮಾಡ್ರಿ. ಹತ್ತು ತಿಂಗಳs. ಪಿ.ಎಫ್. ನಮ್ದು ನಿಮ್ದು ಎರಡೂ ಅದರಾಗ.”

ಹುಡುಗಿ ಪೆನ್ನು ತೆಗೆಯುತ್ತಾಳೆ. ಹದಿನಾಲ್ಕು ಸಾವಿರಕ್ಕೆ ಅವಳ ಪಾಲಿನ ಶೇ. 12 ಎಂದರೆ 1,680. ಶಾಲೆಯ ಪಾಲೂ ಅಷ್ಟೇ. ಎರಡನ್ನೂ ಅವಳಿಂದಲೇ ಹಿಡಿದರೆ 3,360 ಹೋಗಿ ಕೈಪಗಾರ 10,640. ಮಾಲೀಕರ ಪಾಲನ್ನು ನೌಕರರ ಪಗಾರದಿಂದ ಮುರಿಯುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ಬೇಸಿಕ್ ಕಡಿಮೆ ತೋರಿಸಿ ಉಳಿದದ್ದನ್ನು ‘ಸ್ಪೆಷಲ್ ಅಲೋಯನ್ಸ್’ ಎಂದು ಬರೆಯುವ ಉಪಾಯಕ್ಕೂ 2019ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಕಡಿವಾಣ ಹಾಕಿತು. ಆ ಪ್ರಕರಣದಲ್ಲಿ ಒಂದು ಕಡೆ ನಿಂತದ್ದು ಪಶ್ಚಿಮ ಬಂಗಾಳದ ವಿವೇಕಾನಂದ ವಿದ್ಯಾಮಂದಿರ, ಅದೂ ಒಂದು ಶಾಲೆಯೇ. ಇದನ್ನೆಲ್ಲ ಅವಳು ಭಾಷಣ ಮಾಡುವುದಿಲ್ಲ. ಚೀಟಿಯ ಮೇಲೆ 10,640 ಎಂದು ಬರೆದು ಅವರತ್ತ ತಿರುಗಿಸಿ ಇಡುತ್ತಾಳೆ, ಅಷ್ಟೇ.

ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸುತ್ತಾರೆ. “ನೋಡವಾ, ನಮ್ಮ ಕಷ್ಟನೂ ಕೇಳು. ಹ್ವಾದ ವರ್ಷ ಸರ್ಕಾರಿ ಆರ್ಡರ್ ಬಂತಂತ ನಡುವರ್ಷದಾಗ ಮೂರು ಮಂದಿ ಬಿಟ್ಟು ಹ್ವಾದ್ರು. ಹತ್ತನೇತ್ತಾ ಹುಡುಗೂರು ಡಿಸೆಂಬರ್‌ನ್ಯಾಗ ಮಾಸ್ತರಿಲ್ಲದ ಕುಂತಾರ. ಅದಕ್ಕs ಒರಿಜಿನಲ್ ಇಲ್ಲಿ ಇಡಬೇಕು.”

ಇದು ನಾಟಕವಲ್ಲ. 2022ರಲ್ಲಿ ಸಿ.ಇ.ಟಿ. ನಡೆದ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕ ಕೋರ್ಟಿನಲ್ಲಿ ಸಿಕ್ಕಿಕೊಂಡು, 13 ಸಾವಿರಕ್ಕೂ ಹೆಚ್ಚು ಮಂದಿಗೆ ಆದೇಶದ ದಾರಿ ತೆರೆದದ್ದು 2023ರ ಅಕ್ಟೋಬರ್‌ನಲ್ಲಿ, ಶಾಲೆಗಳು ಅರ್ಧವರ್ಷ ದಾಟಿದ ಮೇಲೆ. ಆದರೂ ಅವರು ಹೇಳುವ ಮದ್ದು ರೋಗಕ್ಕಿಂತ ಕೆಟ್ಟದ್ದು. ಮಾರ್ಕ್ಸ್ ಕಾರ್ಡು ಕಪಾಟಿನಲ್ಲಿ ಬಿದ್ದರೆ ಅವಳು ಸರ್ಕಾರಿ ದಾಖಲೆ ಪರಿಶೀಲನೆಗೆ ಏನನ್ನು ಹಿಡಿದು ಹೋಗಬೇಕು? ಒತ್ತೆ ಇಟ್ಟುಕೊಳ್ಳುವ ಹಕ್ಕನ್ನು ಯಾವ ಕಾಯ್ದೆಯೂ ಶಾಲೆಗೆ ಕೊಟ್ಟಿಲ್ಲ.

“ಒರಿಜಿನಲ್ ನೋಡ್ರಿ, ಝೆರಾಕ್ಸ್ ಇಟ್ಟುಕೊಳ್ರಿ. ಅವ್ರಿಗೆ ಬರದಂಗ ನನಗೂ ಒಂದು ತಿಂಗಳ ನೋಟೀಸ್ ಬರೀರಿ. ಆರ್ಡರ್ ಕಾಪಿ ಕೊಡ್ರಿ.”

ಕಾಪಿಗೆ ಇಷ್ಟು ಹಟ ಯಾಕೆ ಎಂದು ನಿಮಗೆ ಅನ್ನಿಸಬಹುದು. ಇದೇ ಶಾಲೆಯ ಬಸ್ ಡ್ರೈವರನ್ನು ನಾಳೆ ತೆಗೆದುಹಾಕಿದರೆ ಅವನು ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಬಹುದು. ಅವಳು ಹತ್ತುವಂತಿಲ್ಲ, ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು 1988ರಲ್ಲೇ ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ತೀರ್ಪಾಗಿದೆ. ಅವಳಿಗಿರುವುದು ಕರ್ನಾಟಕ ಶಿಕ್ಷಣ ಕಾಯ್ದೆ: 92ನೇ ಕಲಂ ವಿಚಾರಣೆಯಿಲ್ಲದೆ ವಜಾ ಮಾಡಬೇಡಿ ಎನ್ನುತ್ತದೆ, 94ನೆಯದು ಮೂರು ತಿಂಗಳೊಳಗೆ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು ಬಿಡುತ್ತದೆ. ನೇಮಿಸಿದ ಕಾಗದವೇ ಇಲ್ಲದವಳನ್ನು ವಜಾ ಮಾಡಲು ಕಾಗದವೂ ಬೇಕಾಗುವುದಿಲ್ಲ. ಲಕ್ಷ್ಮೇಶ್ವರದಲ್ಲಿ ‘ಜೂನ್‌ನ್ಯಾಗ ನೋಡೂಣು’ ಎಂಬ ಒಂದು ಮಾತಿಗೆ ಅವಳ ಮೂರು ವರ್ಷ ಹೋದದ್ದು ಹಾಗೆ.

ಕಾರ್ಯದರ್ಶಿಗಳು ನಿಮ್ಮ ಮುಖ ನೋಡುತ್ತಾರೆ. ನೀವು ಚಹಾದ ಕಪ್ಪು ನೋಡುತ್ತೀರಿ. ಇವತ್ತು ನೀವು ಮಾಡಿದ ಏಕೈಕ ಉಪಕಾರ ಇದು.

ಕೊನೆಗೆ ಅವಳೇ ಒಂದು ಹೆಜ್ಜೆ ಹಿಂದೆ ಬರುತ್ತಾಳೆ. “ಹದಿಮೂರುವರೆ ಸಾವಿರ ಸಾಕು ಸರ್. ಹನ್ನೆರಡು ತಿಂಗಳು ಬರೀರಿ. ಪಿ.ಎಫ್. ನನ್ನ ಪಾಲು ನನ್ನದು, ನಿಮ್ಮದು ನಿಮ್ಮದು.” ಹದಿನಾಲ್ಕರಂತೆ ಹತ್ತು ತಿಂಗಳಿಗೆ 1,40,000, ಹದಿಮೂರುವರೆಯಂತೆ ಹನ್ನೆರಡಕ್ಕೆ 1,62,000. ಐನೂರು ಇಳಿಸಿದ್ದೇ ಅವರ ಕಿವಿಗೆ ಇಂಪಾಗಿ ಕೇಳಿರಬೇಕು. ಗುಮಾಸ್ತನನ್ನು ಕರೆದು, ಪತ್ತನಂತಿಟ್ಟದ ಹಾಳೆಯಲ್ಲೇ ಹೆಸರು, ಪಗಾರ ಬದಲಿಸಿ ಟೈಪು ಮಾಡಲು ಹೇಳುತ್ತಾರೆ. ಅವಸರದಲ್ಲಿ ಅವನು ಟ್ಯಾಂಕರಿನ ಕಲಮನ್ನು ಅಳಿಸುವುದು ಮರೆತಿದ್ದಾನೆ. ಹುಡುಗಿ ಅದನ್ನು ಓದಿ, ನಕ್ಕು, ತಾನೇ ಗೀಟು ಹೊಡೆದು ಪಕ್ಕದಲ್ಲಿ ಸಣ್ಣ ಸಹಿ ಹಾಕಿಸುತ್ತಾಳೆ. ತಾರೀಖಿನ ಜಾಗ ಖಾಲಿ ಇದೆ. ಅದನ್ನೂ ಬರೆಸುತ್ತಾಳೆ.

ಕೆಲಸ ಮುಗಿಯಿತು, ಇನ್ನು ಶಿರಹಟ್ಟಿ ಎಂದುಕೊಂಡರೆ ಅವಳು ನಿಮ್ಮನ್ನು ಮುಂಡರಗಿ ಬಸ್ಸಿಗೆ ಹತ್ತಿಸುತ್ತಾಳೆ. ಅವಳದು ಸೊನ್ನೆ ಟಿಕೆಟ್, ನಿಮ್ಮದಕ್ಕೆ ರೊಕ್ಕ. ಬಲಕ್ಕೆ ಕಪ್ಪತಗುಡ್ಡ, ಅದರ ನೆತ್ತಿಯ ಮೇಲೆ ಗಾಳಿಯ ಕಂಬಗಳು. ಡಂಬಳ ದಾಟುವಾಗ ಕೇಳುತ್ತೀರಿ, ಇನ್ನೊಂದು ಸಾಲಿ ಯಾಕೆ? ನಾಲ್ಕು ಗಂಟೆಗೆ ಅಲ್ಲೂ ಕರೆದಿದ್ದಾರಂತೆ. ಅಲ್ಲಿ ಹದಿನೈದು ಸಾವಿರ ಅಂದಿದ್ದಾರೆ, ತಿಂಗಳು ಎಷ್ಟು ಎಂದು ಹೇಳಿಲ್ಲ.

ಮುಂಡರಗಿಯ ಆಫೀಸಿನಲ್ಲಿ ಚೇರ್ಮನ್ನರು ಗದಗಿನ ಆರ್ಡರಿನ ಝೆರಾಕ್ಸನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ.

“ಹನ್ನೆರಡು ತಿಂಗಳು ಬರದು ಕೊಟ್ಟಾರು? ಇದರ ಒರಿಜಿನಲ್ ಎಲ್ಲೈತಿ?”

“ನನ್ನ ಕಡೆ ಐತ್ರಿ,” ಅನ್ನುತ್ತಾಳೆ. “ನಿಮ್ಮದು ಎಷ್ಟು ತಿಂಗಳ್ರಿ?”