ಡಾಕ್ಟರರ ಡಾಲ್ಫಿನ್

ಹೊನ್ನು, ಹೆಣ್ಣು, ಮಣ್ಣು ಎಂದು ಮೂರು ಮೋಹಗಳನ್ನು ಎಣಿಸಿ ಹಿರಿಯರು ನಿಲ್ಲಿಸಿದರು. ನಾಲ್ಕನೆಯದಾಗಿ ಗಾಡಿಯನ್ನು ಸೇರಿಸದೆ ಬಿಟ್ಟದ್ದಕ್ಕೆ ಅವರ ಕಾಲದಲ್ಲಿ ಮೋಟಾರು ಇಲ್ಲದಿದ್ದುದೇ ಕಾರಣವಿರಬೇಕು. ಎತ್ತಿಗೆ ಜ್ವರ ಬಂದರೆ ಮೈಮುಟ್ಟಿ ತಿಳಿಯಬಹುದು. ಇಂಜಿನ್ ಕೆಟ್ಟರೆ ಸದ್ದಿನಿಂದಲೋ ಹೊಗೆಯಿಂದಲೋ ಊಹಿಸಬಹುದು. ವಿದ್ಯುತ್ತಿನ ದೋಷ ಹಾಗಲ್ಲ. ಮೆಕ್ಯಾನಿಕನ ಅಂಗಳ ಸೇರಿದೊಡನೆ ಅದು ಮಾಯ. ಮನೆಯ ದಾರಿ ಹಿಡಿದೊಡನೆ ಮತ್ತೆ ಪ್ರತ್ಯಕ್ಷ.

ರಾಣೆಬೆನ್ನೂರು ತಾಲ್ಲೂಕಿನ ಐರಣಿ ತುಂಗಭದ್ರೆಯ ದಂಡೆಯ ಊರು. ಹಳೆಯ ಕೋಟೆಯೂ ಕಂಬಳಿಯ ನೇಯ್ಗೆಯೂ ಅದರ ಹೆಸರನ್ನು ಹೊರಗೆ ಹಬ್ಬಿಸಿವೆ. ಅಲ್ಲಿಯ ನಿವೃತ್ತ ಡಾಕ್ಟರೊಬ್ಬರ ಮನೆಯ ಮುಂದೆ, ತಗಡಿನ ಚಪ್ಪರದ ಅಡಿಯಲ್ಲಿ, ಒಂದು ಕೆಂಪು ಡಾಲ್ಫಿನ್ ಕಾರು ನಿಂತಿರುತ್ತದೆ. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದ ಆರಂಭದಲ್ಲಿ, ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಮಾದರಿಯಲ್ಲಿ ತಯಾರಿಸಿದ ಪುಟ್ಟ ಗಾಡಿ ಅದು. ಎರಡೇ ಬಾಗಿಲು, 848 ಸಿ.ಸಿ.ಯ ಅಲ್ಯೂಮಿನಿಯಮ್ ಇಂಜಿನ್, ಉಕ್ಕಿನ ಚಾಸಿಯ ಮೇಲೆ ಫೈಬರ್ ಗ್ಲಾಸಿನ ಮೈ. ಹೆಸರಿಗೆ ಸಂಸಾರಿಗರ ಕಾರು. ಆದರೆ ಮೈ ಹಗುರವಾದುದರಿಂದ ಪಂದ್ಯಪ್ರಿಯರು ಅದನ್ನು ಕೈಬಿಡಲಿಲ್ಲ. ಮದರಾಸಿನ ಬಳಿಯ ಶೋಳಾವರಂ ಓಟದ ಹಾದಿಯಲ್ಲಿಯೂ ರ್‍ಯಾಲಿಗಳಲ್ಲಿಯೂ ಅದು ಧೂಳೆಬ್ಬಿಸಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಕೊಳ್ಳುವವರು ಅತ್ತ ಹೊರಳಿದರು. ಡಾಲ್ಫಿನ್ನಿಗೆ ಉಳಿದವರು ಭಕ್ತರು ಮಾತ್ರ. ಡಾಕ್ಟರು ಆ ಭಕ್ತರಲ್ಲೊಬ್ಬರು.

ಭಕ್ತಿಗೆ ಪರೀಕ್ಷೆ ಬಂದದ್ದು ಒಂದು ಸುಗ್ಗಿಯ ಕಾಲದಲ್ಲಿ. ಬ್ಯಾಡಗಿಯಲ್ಲಿ ಮದುವೆ ಮುಗಿಸಿಕೊಂಡು ಡಾಕ್ಟರು ಹೆಂಡತಿಯೊಡನೆ ರಾತ್ರಿ ಮರಳುತ್ತಿದ್ದರು. ರಾಣೆಬೆನ್ನೂರು ದಾಟಿದ ಮೇಲೆ ಮುಂದಿನ ದೀಪಗಳು ಎಣ್ಣೆ ತೀರಿದ ಹಣತೆಯಂತೆ ಕುಗ್ಗಿದವು, ಇಂಜಿನ್ ಕೆಮ್ಮಿತು. ಎದುರಿಗೆ ಗೋವಿನಜೋಳದ ಚೀಲಗಳನ್ನು ಹೇರಿಕೊಂಡ, ಹಿಂದೀಪವಿಲ್ಲದ ಟ್ರ್ಯಾಕ್ಟರು ಕರಿಯ ಗೋಡೆಯಂತೆ ಎದ್ದುನಿಂತಿತು. ಬ್ರೇಕು ಹಿಡಿಯಿತು; ಗಾಡಿಗೂ ಆ ಗೋಡೆಗೂ ನಡುವೆ ನಾಲ್ಕು ಮೊಳವೂ ಇರಲಿಲ್ಲ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಮನೆ ಸೇರಿದ ಮೇಲೆ ಆಕೆ ಹೇಳಿದ ಮಾತು ಒಂದೇ: "ಈ ಗಾಡಿ ಇನ್ನ ನಮ್ಮ ಮನ್ಯಾಗ ಇರಬಾರದು ನೋಡ್ರಿ."

ಡಾಕ್ಟರು ಯುಗಾದಿಯವರೆಗೆ ವಾಯಿದೆ ಕೇಳಿಕೊಂಡರು. ಗಾಡಿ ಗ್ಯಾರೇಜಿಗೆ ಹೋಯಿತು. ಬ್ಯಾಟರಿ ಹೊಸದು ಬಂತು. ಹದಿನೈದು ದಿನ ಬೆಳಕು. ಮತ್ತೆ ಕತ್ತಲು. ಆಲ್ಟರ್ನೇಟರ್ ಬದಲಾಯಿತು, ದೀಪದ ಸ್ವಿಚ್ಚು ಬದಲಾಯಿತು. ಹಳೆಯ ಕಾಂಟ್ಯಾಕ್ಟ್ ಪಾಯಿಂಟುಗಳನ್ನು ತೆಗೆಸಿ ಹಿಂದೆಂದೋ ಹಾಕಿಸಿದ್ದ ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಪೆಟ್ಟಿಗೆಯೂ ಅಪರಾಧಿಯೆನಿಸಿ ಹೊರಬಿದ್ದಿತು. ಹೊಸ ಪೆಟ್ಟಿಗೆಯೂ ಹಳೆಯದರಂತೆಯೇ ಕೆಮ್ಮಿತು. ಹುಬ್ಬಳ್ಳಿಯಿಂದ ಗಿರಾಕಿಯೊಬ್ಬ ಬರುವುದೂ ನಿಶ್ಚಯವಾಯಿತು.

ಸುಳಿವು ಸಿಕ್ಕಿದ್ದು ಗಾಡಿಯನ್ನು ಬೇಡವೆಂದವರಿಂದಲೇ. ಒಂದು ಸಂಜೆ ಪಕ್ಕದ ಆಸನದಲ್ಲಿ ಕುಳಿತಿದ್ದ ಆಕೆ ಕೇಳಿದರು: "ದೀಪಾ ಹಚ್ಚಿದಾಗೊಮ್ಮೆ ಈ ಪೆಟ್ರೋಲಿನ ಮುಳ್ಳು ಯಾಕ ಅಳ್ಳಾಡತೈತ್ರೀ? ದೀಪಕ್ಕೇನು ಪೆಟ್ರೋಲ್ ಬೇಕೇನು?"

ಮುಗ್ಧವೆಂದು ತೋರುವ ಆ ಪ್ರಶ್ನೆಯಲ್ಲಿ ರೋಗದ ಮೂಲವೇ ಇತ್ತು. ವಿದ್ಯುತ್ತು ಬ್ಯಾಟರಿಯಿಂದ ಹೊರಟು ದೀಪವನ್ನು ಮುಟ್ಟಿದರೆ ಸಾಲದು. ಮರಳಿ ಬ್ಯಾಟರಿಯನ್ನು ಸೇರಲೇಬೇಕು. ತಗಡಿನ ಮೈಯ ಕಾರುಗಳಲ್ಲಿ ಮೈಯೇ ಮರಳುವ ದಾರಿ. ಫೈಬರಿನ ಮೈಯಲ್ಲಿ ವಿದ್ಯುತ್ತು ಹರಿಯದು. ಪ್ರತಿಯೊಂದು ದೀಪಕ್ಕೂ ಮಾಪಕಕ್ಕೂ ಚಾಸಿಯವರೆಗೆ ಬೇರೆಯೇ ಅರ್ತ್ ತಂತಿ ಎಳೆಯಬೇಕು. ಆ ತಂತಿಗಳು ಕೂಡುವ ಗಂಟು ಸಡಿಲವಾದರೆ ವಿದ್ಯುತ್ತು ಸುಮ್ಮನಿರುವುದಿಲ್ಲ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂಬಂತೆ, ಅಕ್ಕಪಕ್ಕದ ಮಾಪಕದ, ದೀಪದ ತಂತಿಗಳಲ್ಲಿ ನುಗ್ಗಿ ಮನೆಯ ದಾರಿ ಹುಡುಕುತ್ತದೆ. ದೀಪ ಹಚ್ಚಿದರೆ ಮುಳ್ಳು ಅಲುಗುವುದು, ಇಂಜಿನ್ ಕೆಮ್ಮುವುದು ಇದರಿಂದಲೇ.

ಮರುದಿನ ಡಾಕ್ಟರು ದೀಪ ಹಚ್ಚಿಟ್ಟು, ಮಲ್ಟಿಮೀಟರಿನ ಒಂದು ಮೊನೆಯನ್ನು ದೀಪದ ಅರ್ತ್ ತಂತಿಗೂ ಇನ್ನೊಂದನ್ನು ಬ್ಯಾಟರಿಯ ಅರ್ತ್ ತುದಿಗೂ ತಾಗಿಸಿದರು. ಸೊನ್ನೆಯ ಸಮೀಪದಲ್ಲಿರಬೇಕಾದ ಅಂಕಿ 4 ವೋಲ್ಟ್ ತೋರಿತು. 12 ವೋಲ್ಟಿನ ಗಾಡಿಯಲ್ಲಿ ಮೂರರಲ್ಲೊಂದು ಪಾಲು ದಾರಿಯಲ್ಲಿಯೇ ಸೋರಿಹೋಗುತ್ತಿತ್ತು. ನೆರೆಯ ಕಂಬಳಿ ನೇಯುವ ಮುದುಕ ಹರಿದ ಎಳೆಯನ್ನು ಕಣ್ಣಿಂದ ಹುಡುಕುವುದಿಲ್ಲ. ಬೆರಳಿನಿಂದ ಎಳೆ ಎಳೆಯಾಗಿ ತಡವುತ್ತಾನೆ. ಡಾಕ್ಟರೂ ತಂತಿಯ ಜಾಡು ಹಿಡಿದು ತಡವಿಕೊಂಡು ಹೋದರು. ಬಾನೆಟ್ಟಿನ ಒಳಗೆ, ಚಾಸಿಯ ಮೂಲೆಯಲ್ಲಿ, ದೀಪ, ಮಾಪಕ, ಇಗ್ನಿಷನ್ ಪೆಟ್ಟಿಗೆ ಎಲ್ಲದರ ಅರ್ತ್ ತಂತಿಗಳನ್ನು ಹಿಡಿದಿದ್ದ ಒಂದೇ ಬೋಲ್ಟು ತುಕ್ಕಿನ ಅಂಗಿ ತೊಟ್ಟು ಕುಳಿತಿತ್ತು. ನಾಲ್ಕು ದಶಕಗಳ ಮಳೆಗಾಲ ಆ ಅಂಗಿಯನ್ನು ಹೊಲಿದಿತ್ತು. ಉಪ್ಪುಕಾಗದದಿಂದ ತಿಕ್ಕಿ, ಹೊಸ ವಾಷರು ಹಾಕಿ ಬಿಗಿದು, ಮೇಲೆ ವ್ಯಾಸಲೀನು ಸವರಿದ್ದಾಯಿತು. ಖರ್ಚು ಒಂದು ಚಹಾದಷ್ಟೂ ಆಗಲಿಲ್ಲ. ದೀಪಗಳು ಬೆಳ್ಳಗೆ ಉರಿದವು, ಮುಳ್ಳು ಮಿಸುಕಲಿಲ್ಲ.

ಇದು ಹಳೆಯ ಗಾಡಿಗಳದೊಂದೇ ಕಥೆಯಲ್ಲ. ಇಂದಿನ ಕಾರುಗಳಲ್ಲಿ ಇಂಜಿನ್ನನ್ನು ಆಳುವುದು ಕಂಪ್ಯೂಟರು. ಅದಕ್ಕೆ ವರದಿ ಒಪ್ಪಿಸುವ ಸೆನ್ಸರುಗಳಲ್ಲಿ ಅನೇಕವು 5 ವೋಲ್ಟಿನಲ್ಲಿ ಕೆಲಸಮಾಡುತ್ತವೆ. ಅರ್ತ್ ತಂತಿಯಲ್ಲಿ ಅರ್ಧ ವೋಲ್ಟು ತಪ್ಪಿದರೂ ವರದಿಯ ಹತ್ತರಲ್ಲೊಂದು ಪಾಲು ಸುಳ್ಳಾಗುತ್ತದೆ. ಕಂಪ್ಯೂಟರು ಆ ಸುಳ್ಳನ್ನು ನಂಬಿ ಎಚ್ಚರಿಕೆಯ ದೀಪ ಹಚ್ಚುತ್ತದೆ. ಯಜಮಾನ ಕಂಗಾಲಾಗಿ ಸೆನ್ಸರನ್ನೂ, ಕೊನೆಗೆ ಕಂಪ್ಯೂಟರನ್ನೂ ಬದಲಾಯಿಸುತ್ತಾನೆ. ಬೋಲ್ಟು ಮಾತ್ರ ತುಕ್ಕಿನ ಅಂಗಿಯಲ್ಲಿ ಸುಖವಾಗಿ ಕುಳಿತಿರುತ್ತದೆ. ನೋವು ಕಂಡಲ್ಲಿಯೇ ರೋಗವಿರುವುದಿಲ್ಲವೆಂಬುದು ವೈದ್ಯಶಾಸ್ತ್ರದ ಮೊದಲ ಪಾಠ. ಜನ್ಮವಿಡೀ ಅದನ್ನು ರೋಗಿಗಳಿಗೆ ಅನ್ವಯಿಸಿದ ಡಾಕ್ಟರರಿಗೆ ತಮ್ಮ ಗಾಡಿಗೆ ಅನ್ವಯಿಸಲು ಹೆಂಡತಿಯ ನೆರವು ಬೇಕಾಯಿತು.

ಯುಗಾದಿಯ ಮರುವಾರ ಬಂದ ಗಿರಾಕಿಗೆ ಚಹಾ ದೊರೆಯಿತು, ಗಾಡಿ ದೊರೆಯಲಿಲ್ಲ. ಅವನು ಹೋದ ಮೇಲೆ ಡಾಕ್ಟರು ವಿಜಯೋತ್ಸಾಹದಿಂದ, ಸಂಜೆ ರಾಣೆಬೆನ್ನೂರಿಗೆ ಹೋಗಿ ರಾತ್ರಿ ಬೆಳಕಿನಲ್ಲಿ ಬರೋಣವೆಂದರು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಎರಡು ವರ್ಷಗಳಿಂದ ಮುಂದೂಡುತ್ತ ಬಂದವರನ್ನು ಆಕೆ ಅಡಿಯಿಂದ ಮುಡಿಯವರೆಗೆ ನೋಡಿದರು.

"ಗಾಡೀ ದೀಪ ನೆಟ್ಟಗಾತು, ಖರೆ. ನಿಮ್ಮ ಕಣ್ಣಿನ ದೀಪಕ್ಕ ಯಾವ ಬೋಲ್ಟ್ ತಿಕ್ಕೂಣ್ರೀ?"

ಈ ಪ್ರಶ್ನೆಗೆ ಮಲ್ಟಿಮೀಟರಿನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಐರಣಿಯ ಡಾಲ್ಫಿನ್, ಸೊಗಸಾದ ದೀಪಗಳಿದ್ದೂ, ಹಗಲಿನಲ್ಲಿ ಮಾತ್ರ ಓಡುತ್ತದೆ. ಶಸ್ತ್ರಚಿಕಿತ್ಸೆಯ ದಿನವೂ ಗೊತ್ತಾಗಿದೆ.