ಕಲ್ಯಾಣದ ಗವಿಯಿಂದ ಹುಮನಾಬಾದ್ ಬಸ್ ನಿಲ್ದಾಣದವರೆಗೆ

ಬಸವಕಲ್ಯಾಣಕ್ಕೆ ಬರುವ ಶಾಲಾ ಪ್ರವಾಸದ ಮಕ್ಕಳಿಗೆ ತೋರಿಸುವ ಸ್ಥಳಗಳು ಹೆಚ್ಚು ಕಡಿಮೆ ನಿಗದಿಯಾಗಿಬಿಟ್ಟಿವೆ. ಕೋಟೆ, ಬಸವೇಶ್ವರ ದೇವಸ್ಥಾನ, 108 ಅಡಿ ಎತ್ತರದ ಬಸವಣ್ಣನವರ ಮೂರ್ತಿ, ತ್ರಿಪುರಾಂತಕೇಶ್ವರ ಕೆರೆ. ಹೊತ್ತು ಉಳಿದರೆ ಶರಣರ ಗವಿಗಳು. ಅಕ್ಕನಾಗಮ್ಮನ ಗವಿಯ ಒಳಗೆ ಮಕ್ಕಳನ್ನು ನಿಲ್ಲಿಸಿ, ಹೊರಗೆ ಇಷ್ಟು ಬಿಸಿಲಿದ್ದರೂ ಬಂಡೆಯ ಹೊಟ್ಟೆಯಲ್ಲಿ ತಂಪೇಕೆ ಎಂದು ನಾನು ಎಷ್ಟೋ ವರ್ಷ ಕೇಳಿದ್ದೇನೆ. ಬಂಡೆ ಶಾಖವನ್ನಷ್ಟೇ ಅಲ್ಲ, ಸದ್ದನ್ನೂ ತಡೆಯುತ್ತದೆ ಎಂಬ ಮಾತು ಪಾಠದಲ್ಲಿ ಹೇಳಿದ್ದುಂಟು. ಅದು ಒಂದು ಮಗುವಿಗೆ ಎಷ್ಟು ದೊಡ್ಡ ಸಂಗತಿಯಾಗಬಹುದು ಎಂದು ತಿಳಿದದ್ದು ಈಚೆಗೆ.

ಆ ದಿನ ನನ್ನ ಜೊತೆಗಿದ್ದವನು ಆರು ವರ್ಷದ ಒಬ್ಬನೇ ಹುಡುಗ. ಅವನ ತಾಯಿ ಹಿಂದೆ ನನ್ನ ವಿದ್ಯಾರ್ಥಿನಿ. ತಂದೆ ಲಾರಿ ಚಾಲಕ, ತಿಂಗಳ ಬಹುಪಾಲು ಮುಂಬಯಿ ದಾರಿಯಲ್ಲಿ. ಹುಡುಗ ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಆದರೆ ಎರಡು ಓಣಿ ಆಚೆ ಲಾರಿಯ ಹಾರ್ನ್ ಕೂಗಿದರೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಸಿಯುತ್ತಾನೆ. ಕಲ್ಯಾಣವೋ ಲಾರಿಗಳ ಊರು. ದಿನಕ್ಕೆ ಎಷ್ಟು ಸಲ ಕುಸಿಯಬೇಕು, ಲೆಕ್ಕ ಹಾಕಿ. ಗವಿಯೊಳಗೆ ಬಂದವನು ಕಿವಿಯಿಂದ ಕೈ ತೆಗೆದು ಅಂಗೈಯನ್ನು ಬಂಡೆಗೆ ಹಚ್ಚಿ ನಿಂತ. “ಎಷ್ಟ್ ಶಾಂತ ಆದ ನೋಡ್ರಿ ಸರ್” ಎಂದಳು ತಾಯಿ. ಪಕ್ಕದಲ್ಲಿ ಕೂತು ಅವಳ ಸೆರಗಿನ ಅಂಚನ್ನು ಬೆರಳಲ್ಲಿ ಹೊಸೆಯತೊಡಗಿದ. ಹುಲ್ಲಿನ ಹಗ್ಗ ಹೊಸೆಯುವುದನ್ನೇ ಕಾಯಕ ಮಾಡಿಕೊಂಡ ನುಲಿಯ ಚಂದಯ್ಯನ ಗವಿಯೂ ಇದೇ ಊರಿನಲ್ಲಿದೆ.

ಹುಡುಗನಿಗಿರುವುದು ಆಟಿಸಂ, ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. 1943ರಲ್ಲಿ ಅಮೆರಿಕದ ವೈದ್ಯ ಲಿಯೊ ಕ್ಯಾನರ್ 11 ಮಕ್ಕಳ ವಿವರ ಪ್ರಕಟಿಸಿದ ಮೇಲೆ ಈ ಹೆಸರು ನಿಂತಿತು. ಇದು ರೋಗವಲ್ಲ, ಅಂಟುವುದಿಲ್ಲ; ಮಿದುಳು ಬೆಳೆಯುವ ರೀತಿಯೇ ಬೇರೆ, ಅದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಂತೆ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇರುತ್ತದೆ. ಅಂದರೆ ನಾನೂರು ಮಕ್ಕಳ ಶಾಲೆಯಲ್ಲಿ ಮೂವರು. ನಾನು ಆ ಮೂವರನ್ನು ಎಲ್ಲಿ ಇಟ್ಟಿದ್ದೆ ಎಂದು ಯೋಚಿಸಿದಾಗ ಒಂದು ಮುಖ ನೆನಪಾಗುತ್ತದೆ. ಇಪ್ಪತ್ತು ವರ್ಷದ ಹಿಂದೆ ಎಂಟನೇ ತರಗತಿಯಲ್ಲಿದ್ದ ಹುಡುಗ. ಧಾತುಗಳ ಹೆಸರು, ಪರಮಾಣು ಸಂಖ್ಯೆ ಎಲ್ಲ ಬಾಯಿಪಾಠ, ಆದರೆ ನನ್ನ ಮುಖ ನೋಡಿ ಉತ್ತರ ಹೇಳುತ್ತಿರಲಿಲ್ಲ. ಉಡಾಫೆ ಎಂದುಕೊಂಡು ಬೆಂಚಿನ ಮೇಲೆ ನಿಲ್ಲಿಸಿದೆ, ಒಂದು ದಿನವಲ್ಲ, ಹಲವು ದಿನ. ಒಂಬತ್ತನೆಯ ತರಗತಿಗೆ ಅವನು ಬರಲಿಲ್ಲ. ಅವನಿಗೇನಿತ್ತು ಎಂದು ಹೇಳುವ ಅಧಿಕಾರ ನನಗಿಲ್ಲ. ನಾನು ಕೇಳಲಿಲ್ಲ ಎಂಬುದಷ್ಟೇ ಗೊತ್ತು. ಈ ತಾಯಿ “ಬೀದರಿಗೆ ಜೊತೀಗಿ ಬರ್ತೀರೇನ್ರಿ ಸರ್” ಎಂದಾಗ ಇಲ್ಲವೆನ್ನಲು ಆಗದಿದ್ದುದಕ್ಕೆ ಅದೂ ಒಂದು ಕಾರಣ.

ಹೋಗಬೇಕಾದದ್ದು ಅಂಗವೈಕಲ್ಯ ಪ್ರಮಾಣಪತ್ರಕ್ಕೆ. ಕಲ್ಯಾಣದಿಂದ ಹುಮನಾಬಾದಿಗೆ ಸುಮಾರು 30 ಕಿ.ಮೀ., ಅಲ್ಲಿಂದ ಬೀದರಿಗೆ ಸುಮಾರು 50. ನೇರ ಬಸ್ಸೂ ಉಂಟು, ಅಂದು ತಪ್ಪಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಟಿಕೇಟಿನ ಖರ್ಚಿಲ್ಲ. ವಾರ ವಾರ ಮಗುವನ್ನು ತರಬೇತಿಗೆ ಕರೆದೊಯ್ಯಬೇಕಾದ ಹೆಂಗಸರಿಗೆ ಇದು ಎಷ್ಟು ದೊಡ್ಡ ಆಸರೆ ಎಂಬುದನ್ನು ಯಾರೂ ಬರೆದದ್ದು ನಾನು ಓದಿಲ್ಲ. ಸಸ್ತಾಪುರ ಕ್ರಾಸ್ ದಾಟಿ ಹೈದರಾಬಾದ್ ಹೆದ್ದಾರಿ ಹಿಡಿದು, ತೊಗರಿ ಹೊಲಗಳ ನಡುವೆ ರಾಜೇಶ್ವರದ ತನಕ ಹುಡುಗ ಕಿಟಕಿಯಿಂದ ಎದುರು ಬರುವ ಗಾಲಿಗಳನ್ನೇ ನೋಡುತ್ತ ಸುಖವಾಗಿದ್ದ.

ಹುಮನಾಬಾದ್ ನಿಲ್ದಾಣದಲ್ಲಿ ಎಲ್ಲ ಕೆಟ್ಟಿತು. ಹಿಂದಕ್ಕೆ ಸರಿಯುವ ಬಸ್ಸಿನ ಸೀಟಿ, ಧ್ವನಿವರ್ಧಕ, ಕಡಲೆಕಾಯಿ ಮಾರುವವರ ಕೂಗು, ಡೀಸೆಲ್ ವಾಸನೆ. ನಮಗೆ ಇವು ಬೇರೆ ಬೇರೆಯಾಗಿ ಕೇಳುತ್ತವೆ, ಬೇಡವಾದದ್ದನ್ನು ಮಿದುಳು ಬದಿಗಿಡುತ್ತದೆ. ಇಂಥ ಮಕ್ಕಳಲ್ಲಿ ಅನೇಕರಿಗೆ ಎಲ್ಲವೂ ಒಂದೇ ಸಲ, ಒಂದೇ ಜೋರಿನಲ್ಲಿ ನುಗ್ಗುತ್ತವೆ. ಅವನು ನೆಲಕ್ಕೆ ಬಿದ್ದು ಚೀರತೊಡಗಿದ. ಸುತ್ತ ಜನ ಸೇರಿದರು. “ಗಾಳಿ ಹಿಡದದ”, “ಎರಡ್ ಏಟ್ ಕೊಡ್ರಿ”, “ಮೊಬೈಲ್ ಕೊಟ್ಟು ಕೆಡಿಸ್ಯಾರ”, “ವೀರಭದ್ರಗ ಹರಕಿ ಹೊರ್ರಿ.” ಹರಕೆಗಳೆಲ್ಲ ಆ ತಾಯಿ ಹೊತ್ತು ಮುಗಿದಿದ್ದವು. ಜನವರಿಯಲ್ಲಿ ವೀರಭದ್ರೇಶ್ವರನ ಜಾತ್ರೆಗೂ ಬಂದು, ವಾದ್ಯದ ಸದ್ದಿಗೆ ಮಗು ನಡುಗಿದ್ದು ನೋಡಿ ಅರ್ಧದಲ್ಲೇ ಹಿಂದಿರುಗಿದ್ದಳು. “ಎಲ್ಲಾರೂ ನನ್ನ ಮಾರಿ ನೋಡ್ತಾರ್ರಿ ಸರ್, ಅವನ ಮಾರಿ ಯಾರೂ ನೋಡಂಗಿಲ್ಲ” ಎಂದಳು. ಎರಡು ಬಸ್ಸು ಹೋದವು. ಬೀದರ್ ಮುಟ್ಟುವಷ್ಟರಲ್ಲಿ ಚೀಟಿ ಕೊಡುವ ಹೊತ್ತು ಮುಗಿದಿತ್ತು. ಕಿಟಕಿಯ ಆಚೆಗಿದ್ದವರು ತಲೆ ಎತ್ತದೆ ಮುಂದಿನ ವಾರ ಬರಲು ಹೇಳಿದರು.

ತಾಯಿಯನ್ನು ದೂರುವುದು ನಮ್ಮಲ್ಲಷ್ಟೇ ಇರುವ ಚಾಳಿಯಲ್ಲ. ಕಳೆದ ಶತಮಾನದ ನಡುವಿನಲ್ಲಿ ಪಶ್ಚಿಮದ ದೊಡ್ಡ ದೊಡ್ಡ ತಜ್ಞರೇ ತಾಯಿಗೆ ಪ್ರೀತಿ ಸಾಲದೆ ಹೀಗಾಗುತ್ತದೆ ಎಂದು ಬರೆದರು. ಅದು ಸುಳ್ಳೆಂದು ಸಾಬೀತಾಗುವಷ್ಟರಲ್ಲಿ ಎಷ್ಟೋ ಹೆಂಗಸರು ಕಣ್ಣೀರಲ್ಲಿ ಕೈ ತೊಳೆದಿದ್ದರು. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಗುಮಾನಿಗೆ ಮೂಲವಾದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ಪಡೆಯಿತು. ನಮ್ಮ ಗಡಿಭಾಗದಲ್ಲಿ ಇನ್ನೊಂದು ನಂಬಿಕೆ ಇದೆ: ಮನೆಯಲ್ಲಿ ಮರಾಠಿ, ಓಣಿಯಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ, ಹೀಗಾಗಿ ಮಗುವಿಗೆ ಮಾತು ಹೊರಳುವುದಿಲ್ಲ ಎಂದು. ಎರಡು ಮೂರು ಭಾಷೆ ಕೇಳುವುದರಿಂದ ಆಟಿಸಂ ಉಂಟಾಗುವುದೂ ಇಲ್ಲ, ಹೆಚ್ಚಾಗುವುದೂ ಇಲ್ಲ. ಲಾಲಿ ಹಾಡುವ ಭಾಷೆಯನ್ನು ಯಾರ ಮಾತು ಕೇಳಿಯೂ ಬಿಡಬೇಕಾಗಿಲ್ಲ.

ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ, ಮಾಣಿಕಪ್ರಭುಗಳ ಸಂಸ್ಥಾನದ ಆಶ್ರಯದಲ್ಲಿ ಅಂಧ ಮಕ್ಕಳ ಶಾಲೆ ಇದೆ. ಕುರುಡು ಕಣ್ಣಿಗೆ ಕಾಣುವ ಕಷ್ಟ, ಆದ್ದರಿಂದ ಅದಕ್ಕೊಂದು ಕಟ್ಟಡವೂ ಕಣ್ಣಿಗೆ ಕಾಣುತ್ತದೆ. ಆಟಿಸಂ ಇರುವ ಮಗುವಿಗೆ ಸಿಗುವ ನೆರವು ಹಾಗೆ ಒಂದು ಕಡೆ ಇಲ್ಲ, ದಾರಿಯುದ್ದಕ್ಕೂ ಚೂರು ಚೂರಾಗಿ ಚೆಲ್ಲಿದೆ. ಮೊದಲ ಚೂರು ಮನೆಯ ಹತ್ತಿರದ ಅಂಗನವಾಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ವರ್ಷ ತುಂಬಿದರೂ ಹೆಸರಿಗೆ ತಿರುಗದ, ಒಂದೂವರೆ ವರ್ಷಕ್ಕೂ ಬೆರಳು ತೋರಿಸಿ ಬೇಕಾದದ್ದು ಕೇಳದ, ಆಡುತ್ತಿದ್ದ ಮಾತನ್ನು ಬಿಟ್ಟುಬಿಟ್ಟ ಮಗುವಿದ್ದರೆ ಆ ತಂಡಕ್ಕೆ ಹೇಳಿದರೆ, ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಕಳಿಸುವ ವ್ಯವಸ್ಥೆ ಅದರಲ್ಲಿದೆ. “ಗಂಡು ಮಕ್ಕಳಿಗೆ ಮಾತು ತಡ” ಎಂದು ಹಿರಿಯರು ಹೇಳಿದ ಮಾತಿಗೆ ಈ ತಾಯಿ ಮೂರು ವರ್ಷ ಕಾದಳು. ಕಲಿಸುವುದಕ್ಕೆ ಅತಿ ಒಳ್ಳೆಯ ವರ್ಷಗಳು ಅವೇ.

ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಕಾರ್ಯಕರ್ತರು ಇರುತ್ತಾರೆ; ಅರ್ಜಿ ತುಂಬಲು ಅವರೇ ಆಧಾರ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಬಂದ ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ, ಮಾತಿನ ತರಬೇತಿಯಂಥ ಖರ್ಚನ್ನೂ ಸೇರಿಸಿ ಕೊಡುತ್ತದೆ. ತಾವಿಲ್ಲದ ಕಾಲಕ್ಕೆ ಮಗನನ್ನು ನೋಡುವವರಾರು ಎಂಬ ಚಿಂತೆಗೂ ಅದೇ ಕಾಯಿದೆಯಲ್ಲಿ ಪಾಲಕರ ನೇಮಕದ ಏರ್ಪಾಡಿದೆ. ಇನ್ನು ತಜ್ಞರು ಬೇಕಾದಾಗ ನಮ್ಮವರು ಬೆಂಗಳೂರಿನ ನಿಮ್ಹಾನ್ಸ್ ಹೆಸರು ಹೇಳುತ್ತಾರೆ. ಅದು 600 ಕಿ.ಮೀ. ಆಚೆ. 1984ರಲ್ಲಿ ಸ್ಥಾಪನೆಯಾದ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ, ಈಗಿನ ಹೆಸರು ಎನ್‌.ಐ.ಇ.ಪಿ.ಐ.ಡಿ., ಹುಮನಾಬಾದಿನಿಂದ ಅದರ ಕಾಲು ಭಾಗದಷ್ಟು ದೂರ. ದಖ್ಖನಿ ಬರುವ ತಾಯಂದಿರಿಗೆ ಅಲ್ಲಿ ಮಾತಿನ ತೊಡಕೂ ಇಲ್ಲ.

ಈ ಚೂರುಗಳಲ್ಲಿ ನಮಗೆ ಮೊದಲು ಕೈಗೆ ಸಿಕ್ಕದ್ದು ತೀರ ಚಿಕ್ಕದು. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ಬಿ.ಐ.ಇ.ಆರ್.ಟಿ., ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ತಾಲ್ಲೂಕಿನಲ್ಲಿರುವ ಸಂಪನ್ಮೂಲ ಶಿಕ್ಷಕರು, ಮನೆಗೆ ಬಂದು ನಡೆದದ್ದನ್ನೆಲ್ಲ ಕೇಳಿ, “ಎಲ್ಲಿಗೆ ಹೊಂಟೀವಿ ಅಂತ ಅವನಿಗ್ ಯಾರ್ ಹೇಳ್ಯಾರ್ರಿ?” ಎಂದರು. ನಾವು ಯಾರೂ ಹೇಳಿರಲಿಲ್ಲ. ಮಾತು ಹಿಡಿಯದ ಮಗುವಿಗೆ ಚಿತ್ರದಲ್ಲಿ ಹೇಳಬೇಕಂತೆ. ತಾಯಿ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಆರು ಚೀಟಿ ಮಾಡಿದಳು: ಮನೆ, ಬಸ್ಸು, ಹುಮನಾಬಾದ್ ನಿಲ್ದಾಣ, ಇನ್ನೊಂದು ಬಸ್ಸು, ಡಾಕ್ಟರು, ಮತ್ತೆ ಮನೆ. ದಾರದಲ್ಲಿ ಪೋಣಿಸಿ ಅವನ ಕೈಗೆ ಕೊಟ್ಟಳು. ವಾರವಿಡೀ ದಿನಕ್ಕೆ ಮೂರು ಸಲ ಅದೇ ಪ್ರಯಾಣ ಮನೆಯಲ್ಲೇ ನಡೆಯಿತು.

ಮುಂದಿನ ವಾರ ನಿಲ್ದಾಣದ ಗದ್ದಲದಿಂದ ದೂರ, ಕಾಂಪೌಂಡಿನ ಮೂಲೆಯ ಬೇವಿನ ಮರದಡಿ ಕೂತೆವು. ಕಿವಿಗೆ ಮಫ್ಲರ್ ಸುತ್ತಿತ್ತು. ಒಂದು ಸಲ ಚೀರಿದ, ಹೌದು. ಆಮೇಲೆ ಮೂರನೆಯ ಚೀಟಿಯನ್ನು ತಾನೇ ಮಗುಚಿ ನಾಲ್ಕನೆಯದನ್ನು ತಾಯಿಯ ಮುಖದ ಮುಂದೆ ಹಿಡಿದ. ಬಸ್ಸು ಎಲ್ಲಿ ಎಂದು ಕೇಳುತ್ತಿದ್ದ. ಅವನು ಯಾರನ್ನಾದರೂ ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೀದರಿನಲ್ಲಿ ತಾಯಿಗೆ 40 ಪ್ರಶ್ನೆ ಕೇಳಿದರು. ಸಿಕಂದರಾಬಾದಿನಲ್ಲೇ ರೂಪುಗೊಂಡ ಐ.ಎಸ್.ಎ.ಎ. ಎಂಬ ಮಾಪನ ಅದು. ಕಣ್ಣು ಕೂಡಿಸುತ್ತಾನೆಯೇ, ಒಂದೇ ವಸ್ತುವಿಗೆ ಅಂಟಿಕೊಳ್ಳುತ್ತಾನೆಯೇ, ಹೀಗೆ. 70ರಿಂದ 106 ಅಂಕ ಬಂದರೆ ಸೌಮ್ಯ, 153ರವರೆಗೆ ಮಧ್ಯಮ, ಅದರಾಚೆ ತೀವ್ರ. ಹುಡುಗನಿಗೆ 112 ಬಂತು. ಸಂಖ್ಯೆ ನೋಡಿ ತಾಯಿ ಅಳಲಿಲ್ಲ. “ಹೆಸರ್ ಹಚ್ಚಲೇನ್ರಿ ಸರ್ ಸಾಲಿಗಿ?” ಎಂದಳು.

ಶಾಲೆಯ ಮುಖ್ಯ ಗುರುಗಳು ಒಂದನೇ ತರಗತಿಯನ್ನು ಗಂಟೆಯ ಕಂಬಕ್ಕೆ ದೂರದ ಕೋಣೆಗೆ ಬದಲಿಸಲು ಒಪ್ಪಿದ್ದಾರೆ. ಶಾಲೆ ಶುರುವಾಗುವ ಮೊದಲು ಗೇಟು, ಗಂಟೆ, ಊಟದ ತಟ್ಟೆ ಇವುಗಳ ಚೀಟಿ ಸಿದ್ಧವಾಗಬೇಕು. ಚಿತ್ರ ಬರೆಯುವ ಕೆಲಸ ನನಗೆ ಬಂದಿದೆ. ಕಪ್ಪು ಹಲಗೆಯ ಮೇಲೆ ಬುನ್ಸೆನ್ ದೀಪ ಬಿಟ್ಟು ಬೇರೇನೂ ಬರೆದು ಅಭ್ಯಾಸವಿಲ್ಲದವನು ನಾನು. ಗಂಟೆ ಎರಡು ಸಲ ಬರೆದೆ, ಎರಡೂ ಸಲ ಲೋಟದ ಹಾಗೆ ಕಂಡಿತು.