ನಾನಾ ಪೇಠೆಯಲ್ಲಿ ಮೈಸೂರಿನ ಯೆಜ್ಡಿ

ಊರಿನಿಂದ ನೆಂಟರು ಬಂದರೆ ನಾವು ಪುಣೆಯವರು ಅವರನ್ನು ಎಲ್ಲೆಲ್ಲಿಗೆ ಕರೆದೊಯ್ಯುತ್ತೇವೆ? ಶನಿವಾರವಾಡಾ, ದಗಡೂಶೇಟ್ ಗಣಪತಿ, ಪರ್ವತಿ, ಸಿಂಹಗಡ. ಸಂಜೆಗೆ ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಯಲ್ಲಿ ತಿಂಡಿ, ಕಾಫಿ. ನೆಂಟರನ್ನು ನಾನಾ ಪೇಠೆಗೆ ಕರೆದೊಯ್ದವರನ್ನು ಮಾತ್ರ ನಾನು ಕಂಡಿಲ್ಲ. ಆದರೆ ಯುವ ಮಿತ್ರರೇ, ಬಜಾಜ್, ಕೈನೆಟಿಕ್‌ಗಳ ಈ ದ್ವಿಚಕ್ರ ವಾಹನಗಳ ಊರನ್ನು ಅರಿಯಬೇಕಾದರೆ ಆ ಪೇಠೆಯ ಗಲ್ಲಿಗಳಲ್ಲಿ ಒಂದು ಹೊತ್ತು ಕಳೆಯಲೇಬೇಕು. ಬೆಳಗ್ಗೆಯೇ ಹೋಗಿ. ಪುಣೆಯ ಅಂಗಡಿಕಾರರ ಮಧ್ಯಾಹ್ನದ ನಿದ್ದೆಯ ಬಗ್ಗೆ ಇಲ್ಲಿ ಹುಟ್ಟಿ ಬೆಳೆದ ನಿಮಗೆ ನಾನೇನು ಹೇಳುವುದು!

ಸಾಲು ಸಾಲು ಬಿಡಿಭಾಗದ ಅಂಗಡಿಗಳು. ಸೈಲೆನ್ಸರ್‌ಗಳು, ಮಡ್‌ಗಾರ್ಡ್‌ಗಳು, ಕೇಬಲ್ ಕಟ್ಟುಗಳು ಹಬ್ಬದ ಹಿಂದಿನ ದಿನದ ಬಾಳೆಗೊನೆಗಳ ಹಾಗೆ ತೂಗುತ್ತಿರುತ್ತವೆ. ಒಂದು ಕಡೆ ಎಣ್ಣೆಯ ವಾಸನೆ, ಇನ್ನೊಂದು ಕಡೆ ಚಹಾದ ವಾಸನೆ. ಮರಾಠಿ, ಹಿಂದಿ ಎರಡೂ ಕಲೆತ ಘಾಸಾಘೀಸಿನ ಗದ್ದಲ.

ನಾನು ಅಲ್ಲಿಗೆ ಹೋದದ್ದು ನಮ್ಮ ಯಜಮಾನರ ಅಕ್ಕನ ಮಗನ ಸಲುವಾಗಿ. ಧಾರವಾಡದ ಕಡೆಯ ಮನೆತನ, ಹುಡುಗ ಹುಟ್ಟಿದ್ದು ಇಲ್ಲಿಯೇ, ಕೆಲಸ ಹಿಂಜವಡಿಯಲ್ಲಿ. ಕನ್ನಡ ಸೊಗಸಾಗಿ ಮಾತನಾಡುತ್ತಾನೆ, ಓದುವಾಗ ಮಾತ್ರ ಒತ್ತಕ್ಷರ ಬಂದಲ್ಲಿ ತಡವರಿಸುತ್ತಾನೆ. ಎರಡು ವರ್ಷ ಸಂಬಳದಲ್ಲಿ ಉಳಿಸಿದ ಹಣದಿಂದ ಹಳೆಯ ಯೆಜ್ಡಿ ರೋಡ್‌ಕಿಂಗ್ ಮೋಟಾರ್ ಸೈಕಲ್ ಕೊಳ್ಳಬೇಕೆಂದು ಅವನ ಆಸೆ. "ಮಾಮಿ, ನೀವು ಮೈಸೂರವರು, ನಿಮಗ ಗೊತ್ತಿರ್ತದ, ಬರ್ರಿ" ಎಂದ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿ ಮೂವತ್ತು ವರ್ಷ ಸಂಸಾರ ನಡೆಸಿದ ನನಗೆ ಎಂಜಿನ್ನಿನ ಒಳಗು ತಿಳಿಯದು, ನಿಜ. ಅದಕ್ಕೆ ಮೆಕ್ಯಾನಿಕ್ ಇದ್ದಾನೆ. ಬೆಲೆ ಕಟ್ಟುವುದು ಬೇರೆಯ ವಿದ್ಯೆ!

ಯೆಜ್ಡಿ ನಮ್ಮ ಮೈಸೂರಿನದೆಂದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಜೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ತಯಾರಿಸುವ ಹಕ್ಕು ಪಡೆದ. ಇಬ್ಬರ ಹೆಸರಿನ ಮೊದಲಕ್ಷರಗಳು ಸೇರಿ 'ಜಾವಾ' ಆಯಿತು. ಆ ಗಾಡಿಯನ್ನು ಮೈಸೂರಿನಲ್ಲಿ ತಯಾರಿಸಲು ರುಸ್ತುಂ ಮತ್ತು ಫರೋಕ್ ಇರಾನಿಯವರು 1960ರ ದಶಕದ ಆರಂಭದಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. 1973ರಿಂದ ಗಾಡಿಗೆ ಯೆಜ್ಡಿ ಎಂದು ಹೆಸರಾಯಿತು. ಅದು ಇರಾನಿನ ಯಜ್ದ್ ಊರಿನ ನೆನಪು. ನಮ್ಮ ಪುಣೆಯ ಇರಾನಿ ಹೋಟೆಲುಗಳನ್ನು ನಡೆಸಿದ ಎಷ್ಟೋ ಕುಟುಂಬಗಳ ಮೂಲವೂ ಆ ಕಡೆಯದೇ. ರೋಡ್‌ಕಿಂಗ್ ಬಂದದ್ದು 1978ರಲ್ಲಿ, ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ನಾನು ಒಂಟಿಕೊಪ್ಪಲಿನಲ್ಲಿ ಬೆಳೆದವಳು. ಆ ಎರಡು ಸೈಲೆನ್ಸರ್‌ಗಳ ಸದ್ದು ಕೇಳಿದರೆ ಈಗಲೂ ಕಿಟಕಿಯತ್ತ ಹೋಗಿ ನೋಡುತ್ತೇನೆ. 2022ರಲ್ಲಿ ಅದೇ ಹೆಸರಿನ ಹೊಸ ಗಾಡಿಗಳು ಬಂದವು, ಆದರೆ ಅವು ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾದ ಬೇರೆಯೇ ಯಂತ್ರಗಳು. ಮೈಸೂರಿನ ಯೆಜ್ಡಿಗಳ ಸಂಖ್ಯೆ ಇನ್ನು ಕಡಿಮೆಯಾಗಬಹುದಷ್ಟೇ, ಹೆಚ್ಚಾಗಲಾರದು.

ಸಿಗದ ವಸ್ತುವಿಗೆ ಬೆಲೆ ಹೇಗೆ ಏರುತ್ತದೆಂದು ನಿಮ್ಮ ತಂದೆಯವರನ್ನು ಕೇಳಿ. ಬಜಾಜ್ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ, ಓಡಿಸಿದ ಸ್ಕೂಟರಿಗೆ ಹೊಸದಕ್ಕಿಂತ ಹೆಚ್ಚು ಕೊಟ್ಟು ಕೊಂಡವರಿದ್ದಾರೆ.

ಹುಡುಗ ಮೆಚ್ಚಿದ ಗಾಡಿ ಕ್ಯಾಂಪ್ ಕಡೆಯ ಒಬ್ಬರದು. ಬಲು ಚೆಂದವಾಗಿತ್ತು, ಸುಳ್ಳು ಹೇಳಲಾರೆ. ಆದರೆ ಅದರಲ್ಲಿ ಮೈಸೂರು ಎಷ್ಟು ಉಳಿದಿತ್ತು? ಟ್ಯಾಂಕ್ ಬೇರೆ, ಮಡ್‌ಗಾರ್ಡ್ ಎರಡೂ ಇಲ್ಲ. ಉದ್ದದ ಸೀಟಿನ ಬದಲು ಒಬ್ಬರೇ ಕೂರುವ ಗೂನು ಸೀಟು, ಸೈಲೆನ್ಸರ್ ಇದ್ದಲ್ಲಿ ಗಿಡ್ಡ ಕೊಳವೆಗಳು. ಮಾಲೀಕರ ಲೆಕ್ಕ ಸರಳ: ಕೊಂಡದ್ದು 70,000, ಮಾರ್ಪಾಡಿಗೆ ಖರ್ಚಾದದ್ದು 1,00,000, ಆದ್ದರಿಂದ ಬೆಲೆ 1,70,000. ರಸೀದಿಗಳನ್ನೂ ತೋರಿಸಿದರು. ಹುಡುಗ ತಲೆಯಾಡಿಸಿಬಿಟ್ಟಿದ್ದ.

ಹಳೆಯ ಬಳೆಯನ್ನು ಮಾರಲು ಒಯ್ದರೆ ಅಕ್ಕಸಾಲಿ ಏನು ಮಾಡುತ್ತಾನೆ? ಹರಳು, ಅರಗು ತೆಗೆದು ಚಿನ್ನವನ್ನಷ್ಟೇ ತೂಗುತ್ತಾನೆ. ನಾವು ಕೊಟ್ಟ ಮಜೂರಿಯನ್ನು ಅವನು ಕೇಳುವುದೇ ಇಲ್ಲ. ಮಾರ್ಪಾಡಿನ ಖರ್ಚು ಆ ಮಜೂರಿಯ ಹಾಗೆ. ಅದು ಮಾಡಿಸಿಕೊಂಡವರ ಸಂತೋಷಕ್ಕೆ ಸಂದ ಹಣ, ಕೊಳ್ಳುವವರ ತಲೆಯ ಮೇಲೆ ಬರಬಾರದು. ಅಷ್ಟೇ ಅಲ್ಲ, ಇಲ್ಲಿ ಚಿನ್ನವನ್ನೇ ಕತ್ತರಿಸಿ ಬಿಸಾಡಿದ್ದರೆ ಅದನ್ನೂ ಕಳೆಯಬೇಕಲ್ಲವೇ?

ಹೀಗೆ ಲೆಕ್ಕ ಹಾಕಿ. ಅದೇ ವರ್ಷದ, ಅದೇ ಸ್ಥಿತಿಯ, ಕಾಗದ ಸರಿಯಿರುವ ಮೂಲರೂಪದ ಗಾಡಿ 1,20,000ಕ್ಕೆ ಸಿಗುತ್ತದೆ ಎನ್ನೋಣ. ತೆಗೆದುಹಾಕಿದ ಟ್ಯಾಂಕ್, ಸೀಟು, ಮಡ್‌ಗಾರ್ಡ್, ಸೈಲೆನ್ಸರ್ ಮತ್ತೆ ಕೂಡಿಸಲು 45,000 ಬೇಕೆಂದಾದರೆ ಉಳಿದದ್ದು 75,000. ನಿಜವಾಗಿ ಉಪಯೋಗಕ್ಕೆ ಬರುವ ಬದಲಾವಣೆಗಳಿಗೆ ಒಂದಿಷ್ಟು ಸೇರಿಸಿ. ಆರಂಭದ ಗಾಡಿಗಳ ಆರು ವೋಲ್ಟಿನ ಮಂಕು ದೀಪದ ಬದಲು ಹನ್ನೆರಡು ವೋಲ್ಟ್, ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್, ಹೊಸ ಟೈರು: ಇವು ಗಾಡಿಗೆ ಗಾಯ ಮಾಡದೆ ಕೂಡಿಸಿದವು, ಬೇಡವೆಂದರೆ ಬಿಚ್ಚಿಡಬಹುದು. ಇವಕ್ಕೆ 10,000 ಎಂದರೂ 85,000. ಇವು ಲೆಕ್ಕದ ಬಗೆ ತಿಳಿಯಲೆಂದು ನಾನು ಹಾಕಿದ ಅಂಕಿಗಳು. ನಿಜವಾದ ಬೆಲೆ ತಿಳಿಯಲು ನಾನಾ ಪೇಠೆಯ ಮೂರು ಅಂಗಡಿಗಳಲ್ಲಿ ಬಿಡಿಭಾಗದ ಬೆಲೆ ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿ. ಮಾಲೀಕರ ರಸೀದಿಗಳಿಗೆ ಆ ಚೀಟಿಯೇ ಉತ್ತರ.

ನೋಡಲು ಹೋಗುವಾಗ ಗಾಡಿಯನ್ನು ಮೊದಲೇ ಚಾಲೂ ಮಾಡಿಡಬೇಡಿ ಎಂದು ತಿಳಿಸಿ. ತಣ್ಣಗಿದ್ದಾಗ ಒದ್ದು ನೋಡಬೇಕು. ಯೆಜ್ಡಿಯಲ್ಲಿ ಕಿಕ್ಕೂ ಗೇರೂ ಒಂದೇ ಸನ್ನೆ: ಒದ್ದ ಮೇಲೆ ಮುಂದಕ್ಕೆ ಮಡಚಿದರೆ ಗೇರು. ಅದು ಸಡಿಲವಾಗಿ ಜಾರುತ್ತಿದ್ದರೆ ಒಳಗೆ ಸವೆದಿದೆ ಎಂದರ್ಥ. ಎರಡೂ ಕೊಳವೆಗಳಲ್ಲಿ ಹೊಗೆ ಸಮನಾಗಿ ಬರಬೇಕು. ಟೂ ಸ್ಟ್ರೋಕ್ ಗಾಡಿಗೆ ಸ್ವಲ್ಪ ಹೊಗೆ ಸಹಜ. ದಟ್ಟ ಬಿಳಿ ಹೊಗೆ ನಿಲ್ಲದೇ ಬರುತ್ತಿದ್ದು ಗೇರ್ ಎಣ್ಣೆಯೂ ಇಳಿಯುತ್ತಿದ್ದರೆ ಒಳಗಿನ ಆಯಿಲ್ ಸೀಲ್ ಹೋಗಿದೆ, ಎಂಜಿನ್ ಬಿಚ್ಚಬೇಕು. ಬ್ಲಾಕ್ ಎಷ್ಟು ಸಲ ಬೋರ್ ಆಗಿದೆ ಎಂದೂ ಕೇಳಿ. ನಾನು ಒಯ್ದ ಉಪಕರಣ ಒಂದೇ, ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ! ಬಟ್ಟೆ ಸುತ್ತಿ ಟ್ಯಾಂಕಿನ ಮೇಲೆ ಆಡಿಸಿದರೆ ಪುಟ್ಟಿ ದಪ್ಪಗೆ ಬಳಿದಲ್ಲಿ ಅದು ಹಿಡಿಯುವುದಿಲ್ಲ. ಕೊನೆಗೆ ಸೀಟಿನ ಕೆಳಗೆ ಬಗ್ಗಿ ಚಾಸಿ ನೋಡಿ. ಬೋಲ್ಟ್ ಬಿಚ್ಚಿ ತೆಗೆದದ್ದನ್ನು ಮತ್ತೆ ಕೂಡಿಸಬಹುದು. ಗರಗಸದಿಂದ ಕೊಯ್ದು ವೆಲ್ಡಿಂಗ್ ಮಾಡಿದ್ದರೆ, ಮಕ್ಕಳೇ, ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ. ನೀವು ಕುಳಿತು ಖಂಡಾಳಾ ಘಾಟ್ ಇಳಿಯುವುದು ಆ ಬೆಸುಗೆಯ ಮೇಲೆ.

ಕಾಗದಪತ್ರದ ವಿಷಯ ಇನ್ನೂ ಮುಖ್ಯ. ಎಂಜಿನ್, ಚಾಸಿ ಎರಡರ ಸಂಖ್ಯೆಯೂ ಆರ್‌ಸಿಯಲ್ಲಿದ್ದಂತೆಯೇ ಇರಬೇಕು, ಉಜ್ಜಿದ ಗುರುತು ಇರಬಾರದು. ವಿದೇಶಗಳಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವ ಸಿರಿವಂತರು ಮೊದಲು ನೋಡುವುದೂ ಇದನ್ನೇ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಜನವರಿ 2019ರಲ್ಲಿ ಸ್ಪಷ್ಟಪಡಿಸಿದೆ. ನೋಂದಣಿಯ ಹದಿನೈದು ವರ್ಷ ಮುಗಿದ ಗಾಡಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಸಂಗಮ ಸೇತುವೆಯ ಬಳಿಯ ಆರ್‌ಟಿಒ ಕಚೇರಿಯಲ್ಲಿ ಮಡ್‌ಗಾರ್ಡ್ ಇಲ್ಲದ ಗಾಡಿ ನಿಲ್ಲಿಸಿ ಏನು ಉತ್ತರ ಹೇಳುತ್ತೀರಿ? ಕರ್ನಾಟಕದ ಸಂಖ್ಯೆಯ ಗಾಡಿಯಾದರೆ ಅಲ್ಲಿನ ಎನ್‌ಒಸಿ, ಇಲ್ಲಿನ ತೆರಿಗೆ ಎರಡೂ ಬೇಕು. ಇನ್ನೊಂದು ಮಾತು. 2021ರ ನಿಯಮದಂತೆ ಐವತ್ತು ವರ್ಷ ಮೀರಿದ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ಉಂಟು, ಆದರೆ ಮೂಲರೂಪ ಉಳಿಸಿಕೊಂಡವಕ್ಕೆ ಮಾತ್ರ. ಮೊದಲ ರೋಡ್‌ಕಿಂಗ್‌ಗಳಿಗೆ ಐವತ್ತು ತುಂಬುವುದು 2028ರಲ್ಲಿ. ಕತ್ತರಿಸಿದ ಗಾಡಿಗೆ ಆ ಮರ್ಯಾದೆ ಎಲ್ಲಿಂದ ಬರಬೇಕು?

ನಮ್ಮ ಹುಡುಗನ ಗಾಡಿಯ ಚಾಸಿ ಅದೃಷ್ಟಕ್ಕೆ ಸುರಕ್ಷಿತವಾಗಿತ್ತು, ಗೂನು ಸೀಟು ಬರೀ ಬೋಲ್ಟಿನ ಮೇಲೆ ನಿಂತಿತ್ತು. "ತೆಗೆದ ಸಾಮಾನು ಎಲ್ಲಿ?" ಎಂದು ನಾನು ಮರಾಠಿಯಲ್ಲಿ ಕೇಳಿದೆ. ಯಾರೂ ಈವರೆಗೆ ಕೇಳಿರಲಿಲ್ಲವಂತೆ! ಅಟ್ಟದಿಂದ ಒಂದು ಗೋಣಿಚೀಲ ಇಳಿಯಿತು. ಮೂಲ ಟ್ಯಾಂಕ್, ಎರಡು ಸೈಲೆನ್ಸರ್, ಮುಂದಿನ ಮಡ್‌ಗಾರ್ಡ್. ಆ ಚೀಲ ಬಂದ ಮೇಲೆ ನಾವೂ ನ್ಯಾಯವಾಗಿ ಬೆಲೆ ಏರಿಸಬೇಕಾಯಿತು. ಚೀಟಿ ಮುಂದಿಟ್ಟುಕೊಂಡು ಎರಡು ಸುತ್ತು ಚಹಾ ಆಗುವಷ್ಟರಲ್ಲಿ 1,02,000ಕ್ಕೆ ಇತ್ಯರ್ಥವಾಯಿತು. ನವೀಕರಣ ಮಾಡಿಸಿಕೊಡುವ ಹೊಣೆ ಅವರದು, ಅದು ಆಗುವತನಕ 20,000 ನಮ್ಮ ಕೈಯಲ್ಲೇ.

ಉದ್ದದ ಸೀಟನ್ನು ನಾನಾ ಪೇಠೆಯಲ್ಲಿ ಹೊಲಿಸಿದ್ದಾಯಿತು. ಹಿಂದಿನ ಮಡ್‌ಗಾರ್ಡ್ ಮಾತ್ರ ಇನ್ನೂ ಮೂಲದ್ದು ಸಿಕ್ಕಿಲ್ಲ. ಮಂಗಳವಾರ ಪೇಠೆಯ ಜುನಾ ಬಾಜಾರಿನಲ್ಲಿ ಬುಧವಾರ, ಭಾನುವಾರ ಇಂಥವು ಬರುತ್ತವೆಂದು ಹುಡುಗ ಪ್ರತಿ ಭಾನುವಾರ ಅಲ್ಲಿಗೆ ಅಲೆಯುತ್ತಿದ್ದಾನೆ. ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಒಂದಿದ್ದರೆ ಸಂಘದ ಕಚೇರಿಗೆ ತಿಳಿಸಿ. ಬೆಲೆ ಮಾತನಾಡಲು ನಾನೇ ಬರುತ್ತೇನೆ.